ಅವಳಿ ಹೆರಿಗೆ: ಎರಡನೇ ಕೂಸು ಕೈಗೆ ಬರುವ ತನಕ

ತುಳುನಾಡಿನ ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ-ಚೆನ್ನಯರು ಅವಳಿ ವೀರರು. ಕೋಟಿ ಹಿರಿಯ, ಚೆನ್ನಯ ಕಿರಿಯ. ಅವರನ್ನು ಹೆತ್ತ ದೇಯಿ ಬೈದೆತಿ ಪಡುಮಲೆಯ ಬಲ್ಲಾಳನನ್ನು ತನ್ನ ಮದ್ದಿನಿಂದ ಬದುಕಿಸಿದವಳು. ಅಂಥ ತಾಯಿಯೇ ಮಕ್ಕಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಹೋಗುತ್ತಾಳೆ ಎಂದು ಪಾಡ್ದನ ಹೇಳುತ್ತದೆ. ಅವಳಿ ಹೆರಿಗೆಯಲ್ಲಿ ಸಂತಸದ ಬೆನ್ನಿಗೇ ಆತಂಕವೂ ಇರುತ್ತದೆ ಎಂಬುದು ಹಿಂದಿನವರಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ.

ಇಂದು ಅವಳಿ ಮಕ್ಕಳು ಅಪರೂಪವಲ್ಲ. 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಪ್ರತಿವರ್ಷ ಸುಮಾರು 16 ಲಕ್ಷ ಅವಳಿ ಜೋಡಿಗಳು ಜನಿಸುತ್ತವೆ. ಹುಟ್ಟುವ ಪ್ರತಿ 42 ಮಕ್ಕಳಲ್ಲಿ ಒಂದು ಅವಳಿ. 1980ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗಳಿಗೆ ಒಂಬತ್ತರಷ್ಟಿದ್ದ ಅವಳಿ ಹೆರಿಗೆ 2010-15ರ ವೇಳೆಗೆ ಹನ್ನೆರಡಕ್ಕೆ ಏರಿತ್ತು. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂಬ ಊರಿನ ಮಾತು ಇದಕ್ಕೆ ಕಾರಣವಲ್ಲ. ತಡವಾಗಿ ತಾಯಿಯಾಗುವುದು ಮತ್ತು ಬಂಜೆತನದ ಚಿಕಿತ್ಸೆ, ಇವೆರಡು ಮುಖ್ಯ ಕಾರಣಗಳು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1986ರಲ್ಲಿ ಡಾ| ಇಂದಿರಾ ಹಿಂದುಜಾ ಮತ್ತು ಅವರ ತಂಡದ ಪ್ರಯತ್ನದಿಂದ ಪ್ರನಾಳ ಶಿಶುವಿನ ಜನನವಾದಾಗ ಅದು ದೇಶದ ದೊಡ್ಡ ಸುದ್ದಿಯಾಗಿತ್ತು. ಇಂದು ಅಂಥ ಚಿಕಿತ್ಸೆ ಉಪನಗರಗಳ ಗಲ್ಲಿಗಲ್ಲಿಯಲ್ಲೂ ದೊರೆಯುತ್ತದೆ. ಅದರೊಂದಿಗೆ ಅವಳಿಗಳೂ ಹೆಚ್ಚಿವೆ.

ಆದರೆ ಅವಳಿ ಗರ್ಭದ ವಿಷಯ ತಿಳಿದ ಮನೆಯಲ್ಲಿ ಎರಡು ತೊಟ್ಟಿಲು, ಎರಡು ಹೆಸರು, ಎರಡು ಜತೆ ಬಟ್ಟೆಯ ಮಾತು ನಡೆದಷ್ಟು, ಹೆರಿಗೆಯ ದಿನ ಎರಡನೇ ಕೂಸಿಗೆ ಏನಾಗಬಹುದು ಎಂಬ ಮಾತು ನಡೆಯುವುದಿಲ್ಲ. ಮೊದಲನೆಯದು ಅತ್ತ ಸದ್ದು ಕೇಳಿದೊಡನೆ ಹೊರಗೆ ಕಾದವರು ಪೇಡಾದ ಪೊಟ್ಟಣ ಬಿಚ್ಚುತ್ತಾರೆ. ಒಳಗೆ ಹೆರಿಗೆ ಕೋಣೆಯಲ್ಲಿ ವೈದ್ಯರ ಕಠಿನ ಪರೀಕ್ಷೆ ಆರಂಭವಾಗುವುದೇ ಆಗ.

ಹಿರಿಯ ಯಾರು, ಕಿರಿಯ ಯಾರು?

ಮೊದಲು ಹೊರಬಂದವನೇ ಅಣ್ಣ ಎಂಬುದು ನಮ್ಮಲ್ಲಿಯ ರೂಢಿ. ನೈಜೀರಿಯಾದ ಯೊರುಬಾ ಜನರಲ್ಲಿ ಇದು ತಿರುಗುಮುರುಗು. ಅಲ್ಲಿ ಮೊದಲು ಹುಟ್ಟಿದ ಮಗುವಿಗೆ ತೈವೊ, ಬಳಿಕ ಹುಟ್ಟಿದ್ದಕ್ಕೆ ಕೆಹಿಂಡೆ ಎಂದು ಹೆಸರು. ಹಿರಿಯನಾದ ಕೆಹಿಂಡೆಯೇ ಲೋಕ ಹೇಗಿದೆ ನೋಡಿ ಬಾ ಎಂದು ಕಿರಿಯ ತೈವೊನನ್ನು ಮುಂದೆ ಕಳುಹಿಸಿದ ಎಂಬುದು ಅವರ ನಂಬಿಕೆ. ಜಗತ್ತಿನಲ್ಲೇ ಅವಳಿ ಮಕ್ಕಳು ಅತಿ ಹೆಚ್ಚು ಹುಟ್ಟುವ ಸಮುದಾಯಗಳಲ್ಲಿ ಯೊರುಬಾ ಒಂದು.

ವೈದ್ಯರ ಲೆಕ್ಕದಲ್ಲಿ ಹಿರಿಯ-ಕಿರಿಯ ಎಂಬುದಿಲ್ಲ. ಗರ್ಭಕೋಶದ ಬಾಯಿಗೆ ಹತ್ತಿರವಿರುವ ಕೂಸನ್ನು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸಾಮಾನ್ಯವಾಗಿ 'ಎ' ಎಂದೂ ಇನ್ನೊಂದನ್ನು 'ಬಿ' ಎಂದೂ ಬರೆಯುತ್ತಾರೆ. ಸಹಜ ಹೆರಿಗೆಯಲ್ಲಿ 'ಎ' ಮೊದಲು ಬರುತ್ತದೆ. ಸಿಸೇರಿಯನ್ ಆದರೆ ವೈದ್ಯರ ಕೈಗೆ ಯಾವುದು ಮೊದಲು ಸಿಕ್ಕಿತೋ ಅದೇ ಮೊದಲು. ಹೀಗಾಗಿ ಹುಟ್ಟಿನ ಸರದಿ ಎಂಬುದು ಹಣೆಬರಹವಲ್ಲ, ಗರ್ಭದೊಳಗೆ ಕೂಸು ಮಲಗಿದ ಜಾಗ ಮಾತ್ರ. ಆದರೂ ಆ ಜಾಗಕ್ಕೂ ಸಾವು-ಬದುಕಿಗೂ ನಂಟಿದೆ ಎಂಬುದನ್ನು ಅಂಕಿ ಅಂಶಗಳು ತೋರಿಸಿಕೊಟ್ಟಿವೆ.

ಎರಡನೆಯದಕ್ಕೇ ಅಪಾಯ ಏಕೆ?

ಗರ್ಭದ 28 ವಾರಗಳ ಬಳಿಕ ಹೊಟ್ಟೆಯಲ್ಲೇ ಸಂಭವಿಸುವ ಸಾವು ಹಾಗೂ ಹುಟ್ಟಿದ ಮೊದಲ ಏಳು ದಿನಗಳೊಳಗಿನ ಸಾವು, ಇವೆರಡನ್ನು ಸೇರಿಸಿ ಪ್ರಸವದ ಆಸುಪಾಸಿನ ಶಿಶುಮರಣ ಎನ್ನುತ್ತಾರೆ. ಒಂಟಿ ಮಗುವಿಗೆ ಹೋಲಿಸಿದರೆ ಅವಳಿಗಳಲ್ಲಿ ಇದರ ಸಂಭವ ಹಲವು ಪಟ್ಟು ಹೆಚ್ಚು. ಅವಧಿಗೆ ಮುನ್ನ ಹುಟ್ಟುವುದು ಮತ್ತು ಕಡಿಮೆ ತೂಕ ಇದಕ್ಕೆ ದೊಡ್ಡ ಕಾರಣಗಳು. ಆದರೆ ತಿಂಗಳು ತುಂಬಿ, ಮೈ ತುಂಬಿ ಹುಟ್ಟುವ ಅವಳಿಗಳಲ್ಲೂ ಎರಡನೆಯದಕ್ಕೆ ಬೇರೆಯೇ ಆದ ಅಪಾಯವೊಂದಿದೆ.

ಗಾರ್ಡನ್ ಸ್ಮಿತ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 1992ರಿಂದ 1997ರ ವರೆಗಿನ ಅವಳಿ ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವರದಿ ವೈದ್ಯಲೋಕದ ಗಮನ ಸೆಳೆಯಿತು. ಮೊದಲೇ ನಿಶ್ಚಯಿಸಿದ ಸಿಸೇರಿಯನ್‌ಗಳನ್ನು ಬಿಟ್ಟು, 36 ವಾರ ತುಂಬಿದ ಮೇಲೆ ಹುಟ್ಟಿದ ಅವಳಿ ಜೋಡಿಗಳು 2,436. ಇವುಗಳಲ್ಲಿ ಹೆರಿಗೆಯ ಕಾರಣದಿಂದ ತೀರಿಹೋದ ಮೊದಲ ಕೂಸು ಒಂದೂ ಇಲ್ಲ. ಎರಡನೇ ಕೂಸುಗಳು ಒಂಬತ್ತು. ಒಂಬತ್ತರಲ್ಲಿ ಏಳು ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಿಗದೆ ತೀರಿಕೊಂಡವು. ಆ ಏಳರಲ್ಲಿ ಐದಕ್ಕೆ, ಮೊದಲನೆಯದು ಸಹಜವಾಗಿ ಹುಟ್ಟಿದ ಬಳಿಕ ಎರಡನೆಯದನ್ನು ಹೊರತೆಗೆಯುವುದೇ ಕಷ್ಟವಾಗಿತ್ತು. 36 ವಾರಕ್ಕೆ ಮುನ್ನ ಹುಟ್ಟಿದ ಅವಳಿಗಳಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮೊದಲನೆಯದನ್ನು ಮಾತ್ರ ಕಳೆದುಕೊಂಡ ಜೋಡಿಗಳು 23, ಎರಡನೆಯದನ್ನು ಮಾತ್ರ ಕಳೆದುಕೊಂಡವು ಕೂಡ 23. ತೀರಾ ಎಳೆಯ ಕೂಸುಗಳಿಗೆ ಅವಧಿಗೆ ಮುನ್ನ ಹುಟ್ಟಿದ್ದೇ ದೊಡ್ಡ ಕಂಟಕ, ಸರದಿಯಲ್ಲ.

2007ರಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಹತ್ತು ವರ್ಷಗಳ ದಾಖಲೆಗಳಿಂದಲೂ ಇದೇ ತೀರ್ಮಾನ ಬಂತು. ತಿಂಗಳು ತುಂಬಿದ ಅವಳಿಗಳಲ್ಲಿ ಎರಡನೆಯದರ ಅಪಾಯ ಮೊದಲನೆಯದರ ಎರಡು ಪಟ್ಟಿಗಿಂತ ಹೆಚ್ಚು.

ಕಾರಣ ಸರಳ. ಮೊದಲ ಕೂಸು ಹೊರಬಂದೊಡನೆ ಗರ್ಭಕೋಶ ಕುಗ್ಗತೊಡಗುತ್ತದೆ. ಆಗ ಮಾಸು ಬಿಟ್ಟುಕೊಳ್ಳಬಹುದು. ಮಾಸು ಬಿಟ್ಟರೆ ಒಳಗಿರುವ ಕೂಸಿಗೆ ಉಸಿರೇ ನಿಂತಂತೆ. ಒಮ್ಮೆಲೇ ಜಾಗ ದೊಡ್ಡದಾಗುವುದರಿಂದ ಎರಡನೆಯದು ಅಡ್ಡ ತಿರುಗಬಹುದು, ಕಾಲು ಕೆಳಗಾಗಬಹುದು. ನೀರು ಹೋದಾಗ ಕೂಸಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಹೊರಬರಬಹುದು. ಗರ್ಭಕೋಶದ ಬಾಯಿ ಮತ್ತೆ ಮುಚ್ಚಿಕೊಳ್ಳುವುದೂ ಉಂಟು. ಈ ಯಾವುದಾದರೂ ಆದರೆ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕೂಸನ್ನು ತಿರುಗಿಸಿ ಕಾಲು ಹಿಡಿದು ತೆಗೆಯುವ ಅನುಭವಿ ಕೈ ಬೇಕು, ಇಲ್ಲವೇ ಅಲ್ಲೇ ಪಕ್ಕದಲ್ಲಿ ಆಪರೇಷನ್ ಕೋಣೆ ಸಿದ್ಧವಿರಬೇಕು. ಅರಿವಳಿಕೆ ತಜ್ಞರಿಗೆ ಫೋನ್ ಮಾಡಿ ಕರೆಸುವಷ್ಟು ಸಮಯ ಇರುವುದಿಲ್ಲ.

ಹಾಗಾದರೆ ಎಲ್ಲ ಅವಳಿಗಳಿಗೂ ಸಿಸೇರಿಯನ್ ಮಾಡಿಸಿಬಿಟ್ಟರೆ ಆಯಿತಲ್ಲ ಎಂಬ ಪ್ರಶ್ನೆ ಸಹಜ. ಸ್ಕಾಟ್ಲೆಂಡಿನಲ್ಲಿ ಮೊದಲೇ ನಿಶ್ಚಯಿಸಿದ ಸಿಸೇರಿಯನ್‌ನಲ್ಲಿ ಹುಟ್ಟಿದ 454 ಎರಡನೇ ಕೂಸುಗಳಲ್ಲಿ ಒಂದೂ ಸಾಯಲಿಲ್ಲ ಎಂಬುದು ನಿಜ. ಆದರೆ 25 ದೇಶಗಳ 106 ಆಸ್ಪತ್ರೆಗಳಲ್ಲಿ 2,804 ಗರ್ಭಿಣಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಬೇರೆ ಮಾತು ಹೇಳಿತು. ಮೊದಲ ಕೂಸಿನ ತಲೆ ಕೆಳಗಿದ್ದ ಈ ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಸಿಸೇರಿಯನ್, ಉಳಿದವರಿಗೆ ಸಹಜ ಹೆರಿಗೆ ಎಂದು ನಿಶ್ಚಯಿಸಲಾಗಿತ್ತು. ಕೂಸಿನ ಸಾವು ಅಥವಾ ಗಂಭೀರ ತೊಂದರೆ ಸಿಸೇರಿಯನ್ ಗುಂಪಿನಲ್ಲಿ ಶೇ. 2.2, ಸಹಜ ಹೆರಿಗೆಯ ಗುಂಪಿನಲ್ಲಿ ಶೇ. 1.9. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಅಲ್ಲಿ ಅನುಭವಿ ವೈದ್ಯರಿದ್ದರು, ಬೇಕೆಂದಾಗ ಆಪರೇಷನ್ ಮಾಡುವ ವ್ಯವಸ್ಥೆಯೂ ಇತ್ತು. ಸಹಜ ಹೆರಿಗೆಗೆಂದು ಹೊರಟವರಲ್ಲಿ ಶೇ. 44ರಷ್ಟು ಮಂದಿಗೆ ಕೊನೆಗೆ ಸಿಸೇರಿಯನ್ ಆಯಿತು. ನೂರರಲ್ಲಿ ನಾಲ್ವರಿಗೆ ಒಂದು ಕೂಸು ಸಹಜವಾಗಿ, ಇನ್ನೊಂದು ಹೊಟ್ಟೆ ಕೊಯ್ದು ಎಂಬಂತಾಯಿತು. ಹೆರಿಗೆಯ ವಿಧಕ್ಕಿಂತಲೂ ಹೆರಿಗೆ ಎಲ್ಲಿ, ಯಾರ ಕೈಯಲ್ಲಿ ಆಗುತ್ತದೆ ಎಂಬುದೇ ಮುಖ್ಯ ಎಂದು ಇದರಿಂದ ತಿಳಿಯಬಹುದು.

ತೂಕದಲ್ಲಿ ತಾರತಮ್ಯ

ಎರಡನೆಯ ಎಚ್ಚರಿಕೆ ತೂಕದ್ದು. ಅವಳಿಗಳ ತೂಕ ಒಂದೇ ಇರಬೇಕೆಂದಿಲ್ಲ. ಸಣ್ಣ ಅಂತರ ಸಹಜ. ದೊಡ್ಡ ಕೂಸಿನ ತೂಕದಿಂದ ಸಣ್ಣದರ ತೂಕ ಕಳೆದು, ಉಳಿದದ್ದು ದೊಡ್ಡದರ ತೂಕದ ಶೇಕಡ ಎಷ್ಟು ಎಂದು ನೋಡುವುದು ಲೆಕ್ಕದ ಕ್ರಮ. ಒಂದು 2.4 ಕಿಲೋ, ಇನ್ನೊಂದು 2.2 ಕಿಲೋ ಇದ್ದರೆ ಅಂತರ ಶೇ. 8ರಷ್ಟು. ಇದಕ್ಕೆ ಹೆದರಬೇಕಿಲ್ಲ. ಒಂದು 2.5 ಕಿಲೋ, ಇನ್ನೊಂದು 1.9 ಕಿಲೋ ಎಂದಾದರೆ ಅಂತರ ಶೇ. 24. ಇದು ಎಚ್ಚರಿಕೆಯ ಗಂಟೆ.

ಅಂತರ ಶೇ. 20 ದಾಟಿದರೆ ತಜ್ಞರ ನಿಗಾ ಬೇಕು ಎಂಬುದು ಇಂದಿನ ವೈದ್ಯಕೀಯ ನಿಯಮ. ಶೇ. 25ಕ್ಕೆ ಏರಿದರೆ ಸಣ್ಣ ಕೂಸಿಗೆ ಹೊಟ್ಟೆಯಲ್ಲಿ ಸರಿಯಾಗಿ ಪೋಷಣೆ ಸಿಗುತ್ತಿಲ್ಲ ಎಂದು ತಿಳಿಯಬೇಕು. ಹಾಗೆ ಸೊರಗಿದ ಕೂಸಿಗೆ ಹೆರಿಗೆ ನೋವಿನ ಒತ್ತಡ ತಾಳಿಕೊಳ್ಳುವ ಶಕ್ತಿ ಕಡಿಮೆ. ಸೊರಗಿದ್ದೇ ಎರಡನೆಯದಾದರೆ ಎರಡು ಅಪಾಯಗಳೂ ಒಂದೇ ಕೂಸಿನ ಮೇಲೆ ಬೀಳುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ತೀರಾ ದೊಡ್ಡದಾಗಿದ್ದರೂ ಸುಖವಿಲ್ಲ, ಸಣ್ಣದು ದಾಟಿಬಂದ ದಾರಿಯಲ್ಲಿ ದೊಡ್ಡದು ಸಿಕ್ಕಿಹಾಕಿಕೊಳ್ಳಬಹುದು.

ಹೆರಿಗೆಯಾದ ಮೇಲೆ 'ಒಂದು ಎಲ್ಲ ತಿಂದು ಬೆಳೆಯಿತು, ಇನ್ನೊಂದನ್ನು ಉಪವಾಸ ಹಾಕಿತು' ಎಂದು ಮನೆಯಲ್ಲಿ ಆಡಿಕೊಳ್ಳುವುದುಂಟು. ತಾಯಿ ಸರಿಯಾಗಿ ಉಣ್ಣಲಿಲ್ಲ ಎಂದು ಹಂಗಿಸುವುದೂ ಉಂಟು. ಎರಡೂ ತಪ್ಪು. ತಾಯಿ ಉಂಡದ್ದು ಇಬ್ಬರಿಗೂ ಒಂದೇ. ಅದನ್ನು ತಲಪಿಸುವ ಮಾಸು ಮತ್ತು ಹೊಕ್ಕುಳಬಳ್ಳಿಗಳಲ್ಲಿ ವ್ಯತ್ಯಾಸವಾದಾಗ ತೂಕದಲ್ಲಿ ತಾರತಮ್ಯ ಉಂಟಾಗುತ್ತದೆ.

ಮಾಸು ಒಂದೋ ಎರಡೋ?

ಅವಳಿ ಗರ್ಭದ ವಿಷಯ ತಿಳಿದ ದಿನವೇ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು. ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾನೂನಿನಂತೆ ಅಪರಾಧ, ಅದರಿಂದ ಕೂಸಿನ ಆರೋಗ್ಯಕ್ಕೆ ಪ್ರಯೋಜನವೂ ಇಲ್ಲ. ಮಾಸು ಎಷ್ಟು ಎಂಬುದರಿಂದ ಪ್ರಾಣವೇ ಉಳಿಯಬಹುದು. 11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್‌ನಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ತಿಂಗಳು ಕಳೆದಂತೆ ಹೇಳುವುದು ಕಷ್ಟ.

ಎರಡು ಕೂಸುಗಳಿಗೂ ಬೇರೆ ಬೇರೆ ಮಾಸು ಇದ್ದರೆ ಅಪಾಯ ಕಡಿಮೆ. ನಾಲ್ಕು ವಾರಗಳಿಗೊಮ್ಮೆ ಸ್ಕ್ಯಾನಿಂಗ್ ಸಾಕಾಗುತ್ತದೆ. ಎರಡಕ್ಕೂ ಒಂದೇ ಮಾಸು ಇದ್ದರೆ 16ನೇ ವಾರದಿಂದ ಎರಡು ವಾರಗಳಿಗೊಮ್ಮೆ ನೋಡಬೇಕು. ಇಂಥ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಲ್ಲಿ ಒಂದು ಕೂಸಿನ ರಕ್ತ ಮಾಸಿನ ನಾಳಗಳ ಮೂಲಕ ಇನ್ನೊಂದಕ್ಕೆ ಹರಿಯುತ್ತದೆ. ಕೊಡುವ ಕೂಸು ಸೊರಗುತ್ತದೆ, ಪಡೆಯುವ ಕೂಸಿನ ಹೃದಯ ಭಾರಕ್ಕೆ ಸೋಲುತ್ತದೆ. ಸಕಾಲದಲ್ಲಿ ತಿಳಿದರೆ ಲೇಸರ್ ಚಿಕಿತ್ಸೆಯಿದೆ. ತಿಳಿಯದೆ ಹೋದರೆ ಎರಡನ್ನೂ ಕಳೆದುಕೊಳ್ಳುವ ಸಂಭವವಿದೆ.

ಹೆರಿಗೆಯ ದಿನ ಗೊತ್ತುಮಾಡುವುದೂ ಇದರ ಮೇಲೆಯೇ. ಬೇರೆ ತೊಂದರೆ ಇಲ್ಲದಿದ್ದರೆ ಎರಡು ಮಾಸಿನ ಅವಳಿಗಳಿಗೆ 37 ವಾರದ ಹೊತ್ತಿಗೆ, ಒಂದೇ ಮಾಸಿನವಕ್ಕೆ 36 ವಾರದ ಹೊತ್ತಿಗೆ ಹೆರಿಗೆ ಮಾಡಿಸುವುದು ಒಳ್ಳೆಯದೆಂದು ತಜ್ಞರು ಸೂಚಿಸುತ್ತಾರೆ. ಒಂಬತ್ತು ತಿಂಗಳು ಒಂಬತ್ತು ದಿನ ತುಂಬಲಿ ಎಂದು ಕಾಯುವುದು ಅವಳಿಗಳಿಗೆ ಹೊಂದುವುದಿಲ್ಲ.

ಸೀಮಂತ ಮುಗಿಸಿ ಊರಿಗೆ

ಮುಂಬಯಿ, ಥಾಣೆ, ಡೊಂಬಿವಲಿ, ಮೀರಾರೋಡ್, ನವಿಮುಂಬಯಿಗಳಲ್ಲಿ ನೆಲೆಸಿದ ತುಳು-ಕನ್ನಡಿಗರ ಮನೆಗಳಲ್ಲಿ ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕಳುಹಿಸುವ ಪದ್ಧತಿ ಇಂದಿಗೂ ಉಳಿದಿದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಪ್ರಯಾಣವೂ ಹಗುರವಾಗಿದೆ. ಒಂದು ರಾತ್ರಿ ಕಳೆದರೆ ಉಡುಪಿ, ಮಂಗಳೂರು. ಒಂಟಿ ಮಗುವಾದರೆ ಇದರಲ್ಲಿ ತೊಂದರೆಯಿಲ್ಲ. ಅಮ್ಮನ ಕೈಯ ಬಾಣಂತನಕ್ಕೆ ಸಮನಾದುದು ಬೇರೆ ಇಲ್ಲ.

ಅವಳಿ ಗರ್ಭದ ಲೆಕ್ಕ ಬೇರೆ. ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಏಳು ತಿಂಗಳು ಕಳೆದ ಮೇಲೆ ಯಾವ ಹೊತ್ತಿನಲ್ಲಾದರೂ ನೋವು ಬರಬಹುದು. ರೈಲು ರತ್ನಾಗಿರಿ ದಾಟಿ ಕತ್ತಲಲ್ಲಿ ಓಡುತ್ತಿರುವಾಗ ಬಂದರೆ ಯಾರನ್ನು ಕರೆಯುವುದು? ಅವಳಿ ಗರ್ಭವಿದ್ದರೆ 32 ವಾರದ ಬಳಿಕ ವಿಮಾನ ಪ್ರಯಾಣವೂ ಬೇಡವೆಂಬುದು ವೈದ್ಯರ ಸಾಮಾನ್ಯ ಸಲಹೆ. ಅಷ್ಟೇ ಅಲ್ಲ, ಮೊದಲಿನಿಂದ ನೋಡಿದ ವೈದ್ಯರು ಮುಂಬಯಿಯಲ್ಲಿ, ಹೆರಿಗೆ ಮಾಡಿಸುವವರು ಊರಿನಲ್ಲಿ. ಮಾಸು ಒಂದೇ ಎಂದು ಬರೆದ ಹನ್ನೆರಡನೇ ವಾರದ ರಿಪೋರ್ಟ್ ಮುಂಬಯಿ ಮನೆಯ ಕಪಾಟಿನಲ್ಲೇ ಉಳಿದರೆ ಊರಿನ ವೈದ್ಯರಿಗೆ ಅದು ತಿಳಿಯುವ ಬಗೆ ಹೇಗೆ?

ಆದುದರಿಂದ ಊರಿಗೆ ಹೋಗಬೇಕೋ ಬೇಡವೋ ಎಂಬುದನ್ನು ಸೀಮಂತದ ಮುಹೂರ್ತಕ್ಕೆ ಮೊದಲೇ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸುವುದು ಉತ್ತಮ. ಒಂದೇ ಮಾಸು, ತೂಕದಲ್ಲಿ ಹೆಚ್ಚಿನ ಅಂತರ, ರಕ್ತದೊತ್ತಡ ಇವುಗಳಲ್ಲಿ ಯಾವುದಿದ್ದರೂ ಮಗಳನ್ನು ಊರಿಗೆ ಕರೆಸುವ ಬದಲು ಅಮ್ಮನೇ ಮುಂಬಯಿಗೆ ಬರುವುದು ಕ್ಷೇಮ. ಹೋಗುವುದೇ ಆದರೆ ಬೇಗ ಹೋಗಬೇಕು. ಮೊದಲ ಸ್ಕ್ಯಾನಿಂಗ್‌ನಿಂದ ಹಿಡಿದು ಎಲ್ಲ ರಿಪೋರ್ಟುಗಳ ಫೈಲ್ ಕೈಚೀಲದಲ್ಲೇ ಇರಬೇಕು. ತಲಪಿದ ವಾರದಲ್ಲೇ ಹೆರಿಗೆಯ ಆಸ್ಪತ್ರೆಯಲ್ಲಿ ಹೆಸರು ದಾಖಲಿಸಬೇಕು.

ಆಸ್ಪತ್ರೆಯ ಆಯ್ಕೆಯಲ್ಲಿ ಮನೆಗೆ ಹತ್ತಿರ, ಪರಿಚಯದ ಡಾಕ್ಟರು ಎಂಬುದಷ್ಟೇ ಸಾಲದು. ರಾತ್ರಿ ಎರಡು ಗಂಟೆಗೂ ಅರಿವಳಿಕೆ ತಜ್ಞರು ಸಿಗುತ್ತಾರೆಯೇ? ರಕ್ತ ಸಿಗುತ್ತದೆಯೇ? ಇಬ್ಬರು ಕೂಸುಗಳನ್ನು ನೋಡಲು ಇಬ್ಬರು ಮಕ್ಕಳ ತಜ್ಞರು ಅಥವಾ ನುರಿತ ದಾದಿಯರು ಇದ್ದಾರೆಯೇ? ನವಜಾತ ಶಿಶುಗಳ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಖಾಸಗಿ ಆಸ್ಪತ್ರೆಯ ಖರ್ಚು ತಾಳಲಾಗದವರು ಹಿಂಜರಿಯಬೇಕಾಗಿಲ್ಲ. ಮುಂಬಯಿಯಲ್ಲಿ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಿವೆ. ಮಂಗಳೂರಿನಲ್ಲಿ ಸರಕಾರಿ ಲೇಡಿಗೋಶನ್ ಇದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ರಕ್ತ, ಔಷಧ, ವಾಹನ ಎಲ್ಲವೂ ಉಚಿತ. ಆಂಬುಲೆನ್ಸ್‌ಗೆ ಎರಡೂ ರಾಜ್ಯಗಳಲ್ಲಿ 108.

ಸಣ್ಣ ಕೂಸಿಗೂ ಬದುಕಿದೆ

ಬೇಗ ಹುಟ್ಟುವ ಸೂಚನೆ ಕಂಡರೆ ಕೂಸುಗಳ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಇದು ಭಾರತದಂಥ ದೇಶಗಳಲ್ಲೂ ಫಲಕಾರಿಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಕೂಡ ಪಾಲ್ಗೊಂಡಿತ್ತು. 2020ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಚುಚ್ಚುಮದ್ದು ಪಡೆದವರ ಶಿಶುಗಳಲ್ಲಿ ಸಾವು ಶೇ. 19.6, ಪಡೆಯದವರಲ್ಲಿ ಶೇ. 23.5. ನೋವು ಆರಂಭವಾದೊಡನೆ ಆಸ್ಪತ್ರೆ ಸೇರಿದವರಿಗೆ ಮಾತ್ರ ಇದರ ಲಾಭ.

ಹುಟ್ಟಿದ ಮೇಲೆ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. ಅವಳಿಗಳಲ್ಲಿ ಇದು ಸಾಮಾನ್ಯ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರಲ್ಲಿ ಇನ್ಕ್ಯುಬೇಟರ್‌ಗಳ ಕೊರತೆಯಿದ್ದಾಗ ಅಲ್ಲಿಯ ವೈದ್ಯ ಎಡ್ಗರ್ ರೇ ಆರಂಭಿಸಿದ ಕಾಂಗರೂ ಆರೈಕೆ, ಅಂದರೆ ಬಟ್ಟೆ ತೊಡಿಸದ ಕೂಸನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕ್ರಮ, ಇಂದು ಎಲ್ಲೆಡೆ ಬಳಕೆಯಲ್ಲಿದೆ. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದರಿಂದ 1.8 ಕಿಲೋ ತೂಕದೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ಅವಳಿಗಳಾದರೆ ಒಂದನ್ನು ತಾಯಿ, ಇನ್ನೊಂದನ್ನು ತಂದೆ ಅಥವಾ ಅಜ್ಜಿ ಎದೆಗವಚಿಕೊಳ್ಳಬಹುದು.

ಇಬ್ಬರಿಗೂ ತಾಯಿಹಾಲೇ ಮೊದಲ ಆಹಾರ. ಆರಂಭದಲ್ಲಿ ಹಾಲು ಸಾಲದಿದ್ದರೆ ದಾನಿಗಳ ಹಾಲು ಒದಗಿಸುವ ವ್ಯವಸ್ಥೆಗೆ ದೇಶದಲ್ಲಿ ನಾಂದಿ ಹಾಡಿದ್ದೇ ಮುಂಬಯಿ. 1989ರಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಡಾ| ಅರ್ಮಿಡಾ ಫೆರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕ್ ಸ್ಥಾಪಿಸಿದರು. ಸಣ್ಣ ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವುದು, ತೂಕ ಏರುವ ಮೊದಲೇ ಎಣ್ಣೆ ಹಚ್ಚಿ ಬಿಸಿನೀರು ಸುರಿಯುವುದು ಬೇಡ. ಅಜ್ಜಿಯಂದಿರ ಪ್ರೀತಿ ಎದೆಯ ಬಿಸುಪಿನ ಮೂಲಕ ತಲಪಲಿ.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ತಾಯಿಯನ್ನೂ ಮರೆಯುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎರಡು ಕೂಸುಗಳಿಂದ ಹಿಗ್ಗಿದ ಗರ್ಭಕೋಶ ಹೆರಿಗೆಯ ಬಳಿಕ ಬೇಗ ಕುಗ್ಗದೆ ರಕ್ತಸ್ರಾವವಾಗುವ ಸಂಭವ ಅವಳಿ ಹೆರಿಗೆಯಲ್ಲಿ ಹೆಚ್ಚು. ಅಂಥ ರಾತ್ರಿ ಬೇಕಾಗುವುದು ಒಂದೆರಡು ಬಾಟಲಿ ರಕ್ತ. ಮಹಾನಗರದಲ್ಲಿ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ವರ್ಷವಿಡೀ ನಡೆಸುವ ರಕ್ತದಾನ ಶಿಬಿರಗಳ ರಕ್ತ ಇಂಥ ತಾಯಂದಿರಿಗೂ ಸಲ್ಲುತ್ತದೆ.

ಮಹಿಳಾ ವಿಭಾಗಗಳು ಅರಸಿನ ಕುಂಕುಮದ ದಿನ ಹದಿನೈದು ನಿಮಿಷ ಸ್ತ್ರೀರೋಗ ತಜ್ಞೆಯೊಬ್ಬರ ಮಾತಿಗೆ ಮೀಸಲಿಟ್ಟರೂ ಪ್ರಯೋಜನವಿದೆ. ಅಲ್ಲಿ ಕೇಳಿಸಿಕೊಂಡ ಅತ್ತೆಯೊಬ್ಬರು ಮಾಸು ಒಂದೋ ಎರಡೋ ಎಂದು ಸೊಸೆಯ ಡಾಕ್ಟರರನ್ನು ಕೇಳಿದರೂ ಸಾಕು. ಹೊಟೇಲಿನ ಕೆಲಸಕ್ಕೆಂದು ಬಂದು ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದ, ಹೇಳಿಕೊಡುವ ಹಿರಿಯರು ಹತ್ತಿರವಿಲ್ಲದ ಎಳೆಯ ದಂಪತಿಗಳಿಗೆ ಈ ಮಾಹಿತಿ ತಲಪುವುದು ಇನ್ನೂ ಅಗತ್ಯ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲೇ ಆರಂಭವಾಗಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಅವಳಿಗಳಲ್ಲಿ ಒಂದು ತೀರಿಹೋದಾಗ 'ಎರಡನೆಯದು ದಕ್ಕಲಿಲ್ಲ, ನಮ್ಮ ಯೋಗ ಇಷ್ಟೇ' ಎಂದು ಸಮಾಧಾನ ಹೇಳುವವರಿದ್ದಾರೆ. ಕೆಲವೊಮ್ಮೆ ವೈದ್ಯರ ಎಲ್ಲ ಪ್ರಯತ್ನ ಮೀರಿಯೂ ಹಾಗಾಗುತ್ತದೆ ಎಂಬುದು ನಿಜ. ಆದರೆ ಬಹಳಷ್ಟು ಸಲ ಅಪಾಯದ ಸುಳಿವು ಮೊದಲೇ ಇರುತ್ತದೆ. ಅದು ಹನ್ನೆರಡನೇ ವಾರದ ರಿಪೋರ್ಟಿನಲ್ಲಿರುತ್ತದೆ, ತೂಕದ ಅಂತರದಲ್ಲಿರುತ್ತದೆ, ಮೊದಲ ಕೂಸು ಅತ್ತ ಬಳಿಕದ ಆ ಕೆಲವು ನಿಮಿಷಗಳಲ್ಲಿರುತ್ತದೆ. ಪೇಡಾದ ಪೊಟ್ಟಣ ಬಿಚ್ಚಲು ಅವಸರ ಬೇಡ. ಎರಡನೆಯದರ ಅಳುವೂ ಕೇಳಲಿ, ತಾಯಿಯೂ ಕ್ಷೇಮವೆಂದು ದಾದಿ ಬಂದು ಹೇಳಲಿ.